ಮರಿಗೆ ಬೇಕಾದದ್ದು ಅಕ್ಕಿಯಲ್ಲ, ಹುಳು

ಮಾನ್ಯ ಸಂಪಾದಕರೇ,

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಪತ್ರಿಕೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಎಲ್ಲ ಕಡೆ ಒಂದೇ ಮಾತು: ಹಕ್ಕಿಗಳಿಗೆ ಕಾಳು ಹಾಕಿ, ನೀರು ಇಡಿ. ಮಾರ್ಚ್ 20ರ ಗುಬ್ಬಚ್ಚಿ ದಿನ ಬಂದರಂತೂ ಕೇಳುವುದೇ ಬೇಡ. ನೀರಿನ ಮಾತು ನೂರಕ್ಕೆ ನೂರು ಸರಿ. ಕಾಳಿನ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ.

ನಮ್ಮ ತುಮಕೂರಿನ ಕಡೆ ಮನೆ ಸುತ್ತಮುತ್ತಲಿನ ಹಕ್ಕಿಗಳಲ್ಲಿ ಬಹಳಷ್ಟು ಗೂಡು ಕಟ್ಟುವುದು ಯುಗಾದಿಯ ಹಿಂದು ಮುಂದಿನ ತಿಂಗಳುಗಳಲ್ಲೇ. ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ಚಿಗುರಿನ ಬೆನ್ನಿಗೇ ಹುಳು ಬರುತ್ತವೆ. ಆ ಹುಳುಗಳನ್ನು ನಂಬಿಕೊಂಡೇ ಗುಬ್ಬಿ, ಪಿಕಳಾರ, ಮಡಿವಾಳ ಎಲ್ಲವೂ ಸಂಸಾರ ಹೂಡುತ್ತವೆ. ಸದಾ ಕಾಳು ಹೆಕ್ಕುವ ಗುಬ್ಬಿ ಕೂಡ ಎಳೆ ಮರಿಗೆ ಕೊಡುವುದು ಹುಳು ಹುಪ್ಪಟೆಯನ್ನೇ. ಹೂವಿನ ರಸ ಹೀರುವ ಸೂರಕ್ಕಿಯೂ ಮರಿಗಾಗಿ ಜೇಡ ಹಿಡಿಯುತ್ತದೆ. ಗುಬ್ಬಿ ಮರಿ ಮೊಟ್ಟೆಯೊಡೆದು ಬಂದು ಗೂಡು ಬಿಡುವುದಕ್ಕೆ ಹೆಚ್ಚು ಕಡಿಮೆ 2 ವಾರ. ಅಷ್ಟರೊಳಗೆ ಮೈ ತುಂಬಬೇಕು, ರೆಕ್ಕೆ ಬಲಿಯಬೇಕು. ಅದಕ್ಕೆ ಬೇಕಾದ ಪ್ರೋಟೀನ್ ಅನ್ನದಲ್ಲಿ, ಬ್ರೆಡ್ಡಿನಲ್ಲಿ ಎಲ್ಲಿದೆ?

ಅನುಮಾನ ಇದ್ದವರು ಮಂಡಿಪೇಟೆಯ ಕಡೆ ದಿನಸಿ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬಹುದು. ರೋಲಿಂಗ್ ಶಟರ್ ಸುತ್ತಿಕೊಳ್ಳುವ ಡಬ್ಬದ ಸಂದಿಯಲ್ಲಿ ಗುಬ್ಬಿ ಗೂಡು. ಕೆಳಗೆ ಬಾಯಿ ಬಿಚ್ಚಿಟ್ಟ ಅಕ್ಕಿ ಮೂಟೆ, ರಾಗಿ ಮೂಟೆ. ಗುಬ್ಬಿ ತನ್ನ ಹೊಟ್ಟೆಗೆ ಅಲ್ಲೇ ಚೆಲ್ಲಿದ ನುಚ್ಚು ಹೆಕ್ಕುತ್ತದೆ. ಮರಿಗೆ ಅಂದಾಗ ಮಾತ್ರ ಮೂಟೆ ದಾಟಿ, ರಸ್ತೆ ದಾಟಿ, ಚರಂಡಿ ಪಕ್ಕದ ಕಳೆಗಿಡಗಳಿಗೆ ಹೋಗುತ್ತದೆ. ಬಾಯಲ್ಲಿ ಹಸಿರು ಹುಳು ಕಚ್ಚಿಕೊಂಡು ಬಂದು, ಶಟರಿನ ಅಂಚಿಗೆ ನಾಲ್ಕು ಸಲ ಬಡಿದು, ಆಮೇಲೆ ಸಂದಿಯೊಳಗೆ ನುಗ್ಗುತ್ತದೆ. ರಾಶಿ ಅಕ್ಕಿ ಕಣ್ಣೆದುರಿಗೇ ಇದ್ದರೂ ಅಷ್ಟೇ.

ನಾವು ಮಾಡುತ್ತಿರುವುದೇನು? ತಾರಸಿ ಮೇಲೆ ಪುಣ್ಯಕ್ಕೆ ಅಂತ ಅನ್ನ ಸುರಿಯುತ್ತೇವೆ, ಕೆಳಗೆ ದಾಸವಾಳಕ್ಕೆ ಹುಳು ಬಿತ್ತು ಅಂತ ಔಷಧಿ ಹೊಡೆಸುತ್ತೇವೆ. ಖಾಲಿ ಸೈಟಿನ ಪೊದೆಗೆ ಬೆಂಕಿ ಹಚ್ಚುತ್ತೇವೆ. ಸುರಿದ ಅನ್ನ ಮಧ್ಯಾಹ್ನದ ಬಿಸಿಲಿಗೆ ಹುಳಿ ಬರುತ್ತದೆ, ಅದಕ್ಕೆ ಪಾರಿವಾಳ, ಇಲಿ, ಕಾಗೆ ಎಲ್ಲ ಬರುತ್ತವೆ. ಅನ್ನಕ್ಕೆ ಬಂದ ಕಾಗೆ ಅನ್ನ ತಿಂದು ಸುಮ್ನೆ ಹೋಗುವುದಿಲ್ಲ. ಕಾಂಪೌಂಡಿನ ಕ್ರೋಟನ್ ಗಿಡದಲ್ಲಿರುವ ಪಿಕಳಾರದ ಮೊಟ್ಟೆಯೂ ಅದರ ಕಣ್ಣಿಗೆ ಬೀಳುತ್ತದೆ. ಮಿಕ್ಸ್‌ಚರ್, ಚಿಪ್ಸ್ ಹಾಕುವವರೂ ಇದ್ದಾರೆ. ಅಷ್ಟು ಉಪ್ಪು ಆ ಪುಟ್ಟ ಜೀವಕ್ಕೆ ಯಾಕೆ ಬೇಕು, ಹೇಳಿ.

ಕಾಳು ಹಾಕಲೇಬೇಡಿ ಅಂತಲ್ಲ. ಬೆಳೆದ ಹಕ್ಕಿಗಳ ಹೊಟ್ಟೆಗೆ ಬೆಳಿಗ್ಗೆ ಒಂದು ಹಿಡಿ ನವಣೆಯೋ ಸಜ್ಜೆಯೋ ರಾಗಿಯೋ ಸಾಕು, ಅದೂ ಗೂಡಿನಿಂದ ದೂರದಲ್ಲಿ. ಮಿಕ್ಕಿದ್ದನ್ನು ಸಂಜೆಯೊಳಗೆ ಗುಡಿಸಿಬಿಡಿ. ನೀರಿಗೆ ಅಗಲವಾದ ಮಣ್ಣಿನ ತಟ್ಟೆ ಒಳ್ಳೆಯದು, 2 ಇಂಚಿಗಿಂತ ಆಳ ಬೇಡ. ಮಧ್ಯೆ ಒಂದು ಕಲ್ಲಿಟ್ಟರೆ ಕಾಲೂರಲು ಆಗುತ್ತದೆ. ದಿನಾ ಉಜ್ಜಿ ತೊಳೆದು ನೀರು ಬದಲಿಸದಿದ್ದರೆ ಹಕ್ಕಿಗಿಂತ ಮೊದಲು ಡೆಂಗಿ ಸೊಳ್ಳೆ ಬಂದು ಕೂರುತ್ತದೆ. ಇದಕ್ಕಿಂತ ಜಾಸ್ತಿ ಏನಾದರೂ ಮಾಡುವ ಆಸೆ ಇದ್ದರೆ ಈ ಮೂರು ತಿಂಗಳು ಔಷಧಿ ಹೊಡೆಯುವುದನ್ನು ನಿಲ್ಲಿಸಿ, ಹಿತ್ತಲ ಒಂದು ಮೂಲೆಯನ್ನು ಗುಡಿಸದೆ ಬಿಡಿ. ಮನೆಯವರು ಸೋಮಾರಿ ಅನ್ನಬಹುದು, ಅನ್ನಲಿ.

ಮರದ ಗೂಡುಪೆಟ್ಟಿಗೆ ನೇತುಹಾಕುವವರಿಗೂ ಒಂದು ಮಾತು. ಗುಬ್ಬಿಗಾದರೆ ತೂತು ಒಂದೂಕಾಲು ಇಂಚು ಸಾಕು, ಅದಕ್ಕಿಂತ ತೀರಾ ದೊಡ್ಡದಾದರೆ ಗೊರವಂಕ ಬಂದು ಜಾಗ ಹಿಡಿಯುತ್ತದೆ. ಬಿದ್ದ ಮರಿ ಸಿಕ್ಕರೆ ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋದರೆ ಅಲ್ಲಿಗೇ ಮುಗಿಯಿತು. ಪುಕ್ಕ ಬಂದಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಸರಿಯಿರಿ, ಇಲ್ಲದಿದ್ದರೆ ಎತ್ತಿ ಗೂಡಿಗೇ ಇಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಬರೀ ಸುಳ್ಳು.

ನಮ್ಮ ಜಿಲ್ಲೆಯಲ್ಲೇ ಶಿರಾ ತಾಲೂಕಿನ ಕಗ್ಗಲಡು ಇದೆ. ಊರ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಮರಿ ಮಾಡುತ್ತವೆ. ಅವುಗಳಿಗೆ ಅಲ್ಲಿ ಯಾರೂ ತಟ್ಟೆ ಇಟ್ಟು ಬಡಿಸುವುದಿಲ್ಲ. ಸುತ್ತಲ ಕೆರೆಗಳಿಂದ ಮೀನು ತಂದುಕೊಳ್ಳುವುದು ಅವುಗಳ ಕೆಲಸ. ಊರಿನವರು ಮರಗಳನ್ನು ಉಳಿಸಿದ್ದಾರೆ, ಹಕ್ಕಿಗಳ ತಂಟೆಗೆ ಹೋಗುವುದಿಲ್ಲ. ನಗರದಲ್ಲಿ ಆಗುವುದು ಇದರ ಉಲ್ಟಾ. ಮಳೆಗಾಲಕ್ಕೆ ಮುಂಚೆ ಅಂತ ಸರಿಯಾಗಿ ಏಪ್ರಿಲ್, ಮೇನಲ್ಲೇ ಲೈನಿಗೆ ತಾಗುವ ಕೊಂಬೆಗಳನ್ನು ಕಡಿಸುತ್ತಾರೆ. ಲೈನಿನ ಸುರಕ್ಷತೆ ಮುಖ್ಯ, ಒಪ್ಪುತ್ತೇನೆ. ಆದರೆ ಅದೇ ಕೆಲಸವನ್ನು ಡಿಸೆಂಬರ್, ಜನವರಿಯಲ್ಲಿ ಮುಗಿಸಬಹುದು ಅಲ್ವಾ? ಬೇಸಿಗೆಯಲ್ಲಿ ಕಡಿಯಲೇಬೇಕಾದರೆ ಗರಗಸ ಹಾಕುವ ಮುಂಚೆ ಒಬ್ಬರು ತಲೆಯೆತ್ತಿ ಗೂಡಿದೆಯಾ ಅಂತ ನೋಡಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಗಳ ಮೊಟ್ಟೆ ಹಾಳು ಮಾಡುವುದನ್ನು, ಗೂಡು ಕೆದಕುವುದನ್ನು ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಮಹಾನಗರ ಪಾಲಿಕೆ ಕೆಲಸದ ಆದೇಶದಲ್ಲೇ ಇದನ್ನೊಂದು ಷರತ್ತಾಗಿ ಹಾಕಲಿ.

ಕೊನೆಗೆ ನಿಮ್ಮಲ್ಲೂ ಒಂದು ಕೋರಿಕೆ. ಬೇಸಿಗೆಯಲ್ಲಿ ಓದುಗರು ಕಳಿಸುವ ಚಿತ್ರಗಳಲ್ಲಿ ಗೂಡಿನೊಳಗೆ ಬಾಯಿ ತೆರೆದು ಕೂತ ಮರಿಗಳ ಫೋಟೋ ಬಹಳ. ಮೊಬೈಲ್ ಗೂಡಿನ ಹತ್ತಿರ ಇರುವಷ್ಟು ಹೊತ್ತೂ ತಾಯಿ ಹಕ್ಕಿ ಹುಳು ಕಚ್ಚಿಕೊಂಡು ತಂತಿ ಮೇಲೆ ಕಾಯುತ್ತಿರುತ್ತದೆ. ಅಂಥ ಚಿತ್ರ ಬಂದರೆ ಅಚ್ಚು ಹಾಕಬೇಡಿ. ಯಾಕೆ ಹಾಕಲಿಲ್ಲ ಅಂತ ಎರಡು ಸಾಲು ಬರೆದರೆ ಇನ್ನೂ ಒಳ್ಳೆಯದು.

ಇತಿ,
ನಿಮ್ಮ ಓದುಗ, ತುಮಕೂರು