ಅಮ್ಮನನ್ನು ದಿನಾ ಸಂಜೆ ಮನೆಗೆ ತಲುಪಿಸಿದವರಿಗೆ

ಅಮ್ಮ ಹೋಗಿ ಒಂದು ವರ್ಷವಾಯಿತು. ಮೊನ್ನೆ ವರ್ಷಾಂತಿಕವೂ ಮುಗಿಯಿತು. ಆರು ವರ್ಷ ಒಬ್ಬಳೇ ನೋಡಿಕೊಂಡೆ ಅಂತ ಜನ ನನ್ನನ್ನು ಹೊಗಳುತ್ತಾರೆ. ಅದು ನಿಜವಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮನ ಮರೆವು ಶುರುವಾಗಿದ್ದು 2018ರಲ್ಲಿ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಮೊದಲು ತೋರಿಸಿದ ಕಡೆ "ವಯಸ್ಸಾಯ್ತಲ್ಲ, ಅರಳುಮರಳು" ಎಂದು ಕಳಿಸಿಬಿಟ್ಟರು. ಒಂದು ವರ್ಷ ಸುಮ್ನೆ ಹೋಯಿತು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಥೈರಾಯ್ಡ್ ತೊಂದರೆಯಿದ್ದರೂ, ಬಿ12 ಕಡಿಮೆಯಾದರೂ ಮರೆವು ಬರುತ್ತದಂತೆ. ಮೊದಲು ಅದನ್ನು ನೋಡಿದರು. ಸ್ಕ್ಯಾನ್ ಮಾಡಿದರು. ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಮ್ಮ ಹನ್ನೆರಡೂ ಅಂಕಿಗಳನ್ನು ಒಂದೇ ಪಕ್ಕಕ್ಕೆ ಬರೆದಿಟ್ಟಳು. ಅಲ್ಝೈಮರ್ಸ್ ಎಂದರು.

ಆ ಡಾಕ್ಟರಿಗೆ ಮೊದಲ ನಮಸ್ಕಾರ. ಮಾತ್ರೆಯಿಂದ ವಾಸಿಯಾಗುವುದಿಲ್ಲ, ಸ್ವಲ್ಪ ಕಾಲ ಅನುಕೂಲವಾಗಬಹುದು ಅಷ್ಟೇ ಎಂದು ಮುಚ್ಚಿಡದೆ ಹೇಳಿದರು. "ಅವರನ್ನು ತಿದ್ದಬೇಡಿ, ವಾದ ಮಾಡಬೇಡಿ" ಎಂದೂ ಹೇಳಿದ್ದರು. ನಾನು ಕೇಳಲಿಲ್ಲ.

ಅಮ್ಮನ ತವರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಮನೆ, ತೋಟ, ಗದ್ದೆ ಎಲ್ಲ ನೀರಿನಡಿ ಹೋಯಿತು. ಆಗ ಅವಳಿಗೆ ಇಪ್ಪತ್ತು. ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಅಳಿಯುತ್ತದೆ. ಅಮ್ಮನಿಗೆ ನನ್ನ ಮದುವೆ ಮರೆಯಿತು, ಅಪ್ಪ ತೀರಿಕೊಂಡಿದ್ದು ಮರೆಯಿತು, ಕೊನೆಗೆ ಮುಳುಗಡೆಯೂ ಮರೆಯಿತು. ತವರಿನ ಜಗಲಿ ಮಾತ್ರ ಉಳಿಯಿತು.

ಸಂಜೆಯಾದರೆ ಕಳವಳ. ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಿದ್ದಳು. "ಮನಿಗೆ ಹೋಪನ, ಕತ್ಲೆ ಆತು." ಊರು ಮುಳುಗಿಹೋಗಿದೆ ಅಮ್ಮ ಎಂದು ನಾನು ಹೇಳುತ್ತಿದ್ದೆ. ಆಗಷ್ಟೇ ಕೇಳಿದವಳ ಹಾಗೆ ಅಳುತ್ತಿದ್ದಳು. ಮರುದಿನ ಸಂಜೆ ಮತ್ತೆ ಹೇಳುತ್ತಿದ್ದೆ, ಮತ್ತೆ ಅಳುತ್ತಿದ್ದಳು. ಎಷ್ಟು ಸಂಜೆ ಹಾಗೆ ಮಾಡಿದೆನೋ! ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಒಂದು ದಿನ ಗೇಟಿನ ಹತ್ತಿರ ಅಳುತ್ತಾ ನಿಂತಿದ್ದಾಗ ನಮ್ಮ ಬೀದಿಯ ಆಟೋದವರು ಗಾಡಿ ನಿಲ್ಲಿಸಿದರು. "ಬನ್ನಿ ಅಮ್ಮ, ನಾನು ಬಿಟ್ಟು ಬರ್ತೀನಿ." ನಾನೂ ಹತ್ತಿದೆ. ಸಾಗರದ ಗಣಪತಿ ಕೆರೆ ದಾಟಿ, ಮಾರಿಕಾಂಬಾ ದೇವಸ್ಥಾನದ ಕಡೆ ಸುತ್ತು ಹಾಕಿ, ನಮ್ಮ ಗೇಟಿಗೇ ತಂದು ನಿಲ್ಲಿಸಿದರು. "ಮನೆ ಬಂತು, ಇಳೀರಿ." ಅಮ್ಮ ಇಳಿದಳು. ಕಾಲು ತೊಳೆದು ಒಳಗೆ ಬಂದು, ದೀಪ ಹಚ್ಚಿದ್ಯಾ ಎಂದು ಕೇಳಿದಳು. ಅಷ್ಟೇ!

ಹೆಚ್ಚುಕಡಿಮೆ ಎರಡು ವರ್ಷ ಅವರು ಬಂದರು. ಬಾಡಿಗೆ ಬಿಟ್ಟು ಬಂದ ದಿನಗಳೂ ಇವೆ. ನಿಮ್ಮ ಋಣ ತೀರಿಸಲು ನನ್ನಿಂದ ಆಗುವುದಿಲ್ಲ ಅಣ್ಣ.

2022ರ ಬೇಸಿಗೆಯಲ್ಲಿ ಅಮ್ಮನನ್ನು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಕರೆದುಕೊಂಡು ಹೋದೆ. ಆಗಿನ್ನೂ ಸೇತುವೆ ಆಗಿರಲಿಲ್ಲ. ಲಾಂಚ್‌ನ ಹುಡುಗರು ಎಲ್ಲಿಂದಲೋ ಕುರ್ಚಿ ತಂದು ಕಂಬಿಯ ಪಕ್ಕ ಹಾಕಿದರು. ಆಚೆ ದಡ ಬರುವವರೆಗೂ ಅಮ್ಮ ನೀರನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ನನ್ನ ಕೈ ಮಾತ್ರ ಬಿಡಲಿಲ್ಲ. ಆ ಹುಡುಗರ ಹೆಸರು ಕೂಡ ನಾನು ಕೇಳಿಕೊಳ್ಳಲಿಲ್ಲ.

ತಂಗಿ ಮೂರು ತಿಂಗಳಿಗೊಮ್ಮೆ ರಜೆ ಹಾಕಿ ಬರುತ್ತಿದ್ದಳು. ಆ ಹತ್ತು ದಿನ ನಾನು ನಿದ್ದೆ ಮಾಡುತ್ತಿದ್ದೆ. ಅದು ಎಷ್ಟು ದೊಡ್ಡದು ಅಂತ ರೋಗಿಯನ್ನು ನೋಡಿಕೊಂಡವರಿಗೆ ಗೊತ್ತು, ಅಲ್ವಾ?

ಕೊನೆಯ ಒಂದೂವರೆ ವರ್ಷ ಅಮ್ಮ ಹಾಸಿಗೆಯಲ್ಲೇ ಇದ್ದಳು. ನೀರು ಕುಡಿಸಿದರೂ ಕೆಮ್ಮು, ನುಂಗಲು ಬಾರದು. ಹಾವೇರಿ ಕಡೆಯ ಹುಡುಗಿ ನೋಡಿಕೊಳ್ಳಲು ಬಂದಳು. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗಟ್ಟಿ ಗಂಜಿಯನ್ನು ಚಮಚ ಚಮಚವಾಗಿ "ಅವ್ವಾ, ಇನ್ನೊಂದು" ಎಂದು ತಿನ್ನಿಸುತ್ತಿದ್ದಳು. ರಾತ್ರಿಯೂ ಎದ್ದು ಮಗ್ಗುಲು ಬದಲಿಸುತ್ತಿದ್ದಳು. ಅಮ್ಮನ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ.

ಅಮ್ಮನ ಏರ್‌ಬೆಡ್ ಮತ್ತು ವೀಲ್‌ಚೇರ್ ಇನ್ನೂ ಚೆನ್ನಾಗಿವೆ. ಸಾಗರದ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ. ಅದೇ ಆಟೋದಲ್ಲಿ ನಿಮ್ಮ ಮನೆಗೆ ತಂದುಕೊಡುತ್ತೇವೆ.