ಡಿಕ್ರಿ ಬಂತು, ಇನ್ನು ದುಡ್ಡು ಬರಬೇಕು

ಚಿರಂಜೀವಿ ಮಂಜುವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಅಂಗಡಿಯ ಸಿಮೆಂಟು, ಕಬ್ಬಿಣದ ಬಾಕಿ 4,80,000 ರೂಪಾಯಿಗೆ ಆ ಕಂಟ್ರಾಕ್ಟರ್ ಮೇಲೂ ಅವನಿಗೆ ಜಾಮೀನು ನಿಂತ ಭಾವಮೈದುನನ ಮೇಲೂ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ಆದೇಶ, ಆಯಿತೆಂದು ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಬಹಳ ಸಂತೋಷವಾಯಿತು. ಆದರೆ ಡಿಕ್ರಿ ಆದ ಮಾತ್ರಕ್ಕೆ ಯಾರೂ ಅಂಗಡಿಗೆ ಬಂದು ದುಡ್ಡು ಎಣಿಸುವುದಿಲ್ಲ. ಅದಕ್ಕೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಬೇರೆ ಹಾಕಬೇಕು. ಬಾಕಿದಾರನ ಆಸ್ತಿ ಏನಿದೆ, ಎಲ್ಲಿದೆ ಎಂದು ಆ ಅರ್ಜಿಯಲ್ಲಿ ತೋರಿಸಬೇಕಾದವನು ನೀನೇ, ಕೋರ್ಟು ಹುಡುಕಿಕೊಂಡು ಹೋಗುವುದಿಲ್ಲ. ಎಷ್ಟೋ ಅರ್ಜಿಗಳು ವರ್ಷಗಟ್ಟಲೆ ಕೊಳೆಯುವುದು ಈ ಒಂದು ಕಾರಣಕ್ಕೆ.

ಮೊದಲು ತೀರ್ಪು ಮತ್ತು ಡಿಕ್ರಿ ಎರಡರ ಪ್ರಮಾಣಿತ ನಕಲಿಗೂ ಅರ್ಜಿ ಕೊಡು. ಅದೇ ವಾರ ಮೇಲ್ಮನವಿ ನ್ಯಾಯಾಲಯದಲ್ಲಿ ಕೇವಿಯಟ್ ಹಾಕಿಸು. ಅದು 90 ದಿನ ಜೀವಂತವಿರುತ್ತದೆ, ನಿನ್ನ ಮಾತು ಕೇಳದೆ ತಡೆಯಾಜ್ಞೆ ಕೊಡಲು ಬಿಡುವುದಿಲ್ಲ. ಅವನು ಅಪೀಲು ಹಾಕಿದ್ದಾನೆ ಎಂದು ಯಾರಾದರೂ ಹೆದರಿಸಿದರೆ ಕೈಕಟ್ಟಿ ಕೂರಬೇಡ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆ ಬೇಕು. ಹಣದ ಡಿಕ್ರಿಗೆ ತಡೆ ಕೇಳುವವನಿಗೆ ಹಣ ಠೇವಣಿ ಇಡು, ಇಲ್ಲವೇ ಭದ್ರತೆ ಕೊಡು ಎಂದು ಕೋರ್ಟು ಹೇಳಬಹುದು. ಹಾಗೆ ಹೇಳುವಂತೆ ನಿಮ್ಮ ವಕೀಲರು ಒತ್ತಾಯಿಸಬೇಕು.

ಅಮಲ್ಜಾರಿಗೆ 12 ವರ್ಷ ಕಾಲಾವಕಾಶವಿದೆ ನಿಜ. ನೀನು ಮಾತ್ರ ಎರಡು ವರ್ಷ ದಾಟಿಸಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 21, ನಿಯಮ 22ರ ಪ್ರಕಾರ ಡಿಕ್ರಿಯಾಗಿ ಎರಡು ವರ್ಷ ಮೀರಿದ್ದರೆ ಯಾಕೆ ಜಾರಿ ಮಾಡಬಾರದು ಎಂದು ಬಾಕಿದಾರನಿಗೆ ಮೊದಲು ನೋಟೀಸು ಹೋಗುತ್ತದೆ. ನೋಟೀಸು ಕೈಸೇರಿದ ದಿನವೇ ಅವನು ಬ್ಯಾಂಕಿನ ಹಣ ಖಾಲಿ ಮಾಡಿ, ಟಿಪ್ಪರನ್ನು ಹೆಂಡತಿಯ ಹೆಸರಿಗೆ ಬರೆಯುತ್ತಾನೆ. ಎರಡು ವರ್ಷದೊಳಗಾದರೆ ಆ ನೋಟೀಸು ಬೇಕಿಲ್ಲ, ನೇರವಾಗಿ ಜಪ್ತಿ ಕೇಳಬಹುದು.

ಇನ್ನು ಆಸ್ತಿ ಪತ್ತೆ. ಅರ್ಧ ಮಾಹಿತಿ ನಿನ್ನ ಅಂಗಡಿಯಲ್ಲೇ ಇದೆ. ಅವನು ಹಿಂದೆ ಕೊಟ್ಟ ಚೆಕ್ಕಿನ ಫೋಟೋ ಅಥವಾ ಜೆರಾಕ್ಸ್ ಹುಡುಕು, ಖಾತೆ ನಂಬರು, ಶಾಖೆ, ಐಎಫ್‌ಎಸ್‌ಸಿ ಕೋಡು ಎಲ್ಲ ಅದರಲ್ಲಿರುತ್ತವೆ. ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅವನಿಂದ ಆರ್‌ಟಿಜಿಎಸ್ ಬಂದ ಸಾಲುಗಳನ್ನೂ ನೋಡು. ಬಿಲ್ಲಿನಲ್ಲಿ ಅವನ ಜಿಎಸ್‌ಟಿ ನಂಬರಿದ್ದರೆ ವ್ಯವಹಾರದ ಹೆಸರು ಗೊತ್ತಾಗುತ್ತದೆ. ಹೆಸರಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಡಿಕ್ರಿ ಅವನ ಸ್ವಂತ ಹೆಸರಿನಲ್ಲಿದ್ದು ಗುತ್ತಿಗೆ ಲೈಸೆನ್ಸು ಹೆಂಡತಿಯ ಹೆಸರಿನಲ್ಲಿದ್ದರೆ ಆ ಗುತ್ತಿಗೆ ಬಿಲ್ಲಿನ ಹಣ ನಿನ್ನ ಕೈಗೆ ಬರುವುದಿಲ್ಲ. ಇನಿಷಿಯಲ್ ಒಂದು ಬೇರೆಯಿದ್ದರೂ ಬ್ಯಾಂಕಿನವರು ಇವರು ಅವರಲ್ಲ ಎಂದು ಬರೆದು ವಾಪಸು ಕಳಿಸಬಹುದು. ತಂದೆಯ ಹೆಸರು, ಪ್ಯಾನ್ ನಂಬರು ಸಿಕ್ಕರೆ ಅರ್ಜಿಯಲ್ಲೇ ಸೇರಿಸು.

ಜಮೀನಿಗೆ ಭೂಮಿ ತಂತ್ರಾಂಶದಿಂದ ಪಹಣಿ ತೆಗೆಸು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಸಾಲ, ಯಾವ ತಕರಾರು ಇದೆ ನೋಡು. ಹಳ್ಳಿಯ ಮನೆ, ನಿವೇಶನಕ್ಕೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇಸಿ) ತೆಗೆಸುವಾಗ ದಾವೆ ಹಾಕಿದ ದಿನಕ್ಕಿಂತ ಕೆಲವು ವರ್ಷ ಹಿಂದಿನಿಂದ ತೆಗೆಸು. ದಾನಪತ್ರ, ಹಕ್ಕು ಬಿಡುಗಡೆ ಪತ್ರ ಬರೆದು ಮನೆಯವರಿಗೆ ದಾಟಿಸಿದ್ದರೆ ಅದರಲ್ಲಿ ಕಾಣುತ್ತದೆ. ಸಾಲಗಾರರನ್ನು ವಂಚಿಸಲೆಂದೇ ಬರೆದ ಪತ್ರವನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 53ರಡಿ ಪ್ರಶ್ನಿಸಬಹುದು. ಆದರೆ ಅದು ಇನ್ನೊಂದು ದಾವೆಯ ದಾರಿ, ದೂರದ್ದು.

ಲೆಕ್ಕದ ವಿಷಯ. ನಿನ್ನ ಡಿಕ್ರಿಯಲ್ಲಿ ದಾವೆ ಹಾಕಿದ ದಿನದಿಂದ ಶೇ. 6 ಬಡ್ಡಿ ಎಂದಿದೆಯಲ್ಲ, ಅಂದರೆ ವರ್ಷಕ್ಕೆ 28,800, ತಿಂಗಳಿಗೆ 2,400 ರೂಪಾಯಿ. ಮೂರು ವರ್ಷಕ್ಕೆ 86,400 ಆಗಿದೆ. ಈಗ ಅವನು 50,000 ತಂದುಕೊಟ್ಟರೆ, ಡಿಕ್ರಿಯಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಅದು ಮೊದಲು ಬಡ್ಡಿಗೆ, ನಂತರ ಖರ್ಚಿಗೆ, ಕೊನೆಗೆ ಅಸಲಿಗೆ ಜಮಾ ಆಗಬೇಕು. ಹಾಗಾಗಿ 36,400 ಬಡ್ಡಿ ಇನ್ನೂ ಉಳಿಯುತ್ತದೆ, 4,80,000 ಅಸಲು ಹಾಗೇ ಇರುತ್ತದೆ. ಅಸಲಿಗೇ ಬಂತೆಂದು ರಸೀದಿ ಬರೆದುಕೊಟ್ಟು ಕೈಸುಟ್ಟುಕೊಳ್ಳಬೇಡ. ಕೋರ್ಟಿನ ಹೊರಗೆ ಹಣ ಬಂದರೆ ವಕೀಲರಿಗೆ ತಿಳಿಸಿ ಕೋರ್ಟಿನಲ್ಲಿ ದಾಖಲು ಮಾಡಿಸು. ಪಡೆದದ್ದನ್ನು ಮುಚ್ಚಿಟ್ಟು ಪೂರ್ತಿ ಮೊತ್ತಕ್ಕೆ ಅರ್ಜಿ ಹಾಕುವುದು ತಪ್ಪು, ನಿನ್ನ ಮಾತಿನ ಮೇಲೆ ಕೋರ್ಟಿಗಿರುವ ನಂಬಿಕೆಯೂ ಹೋಗುತ್ತದೆ.

ಅರ್ಜಿಯಲ್ಲಿ ಮೊದಲು ಹೊಡೆಯಬೇಕಾದ್ದು ಅವನ ಬ್ಯಾಂಕ್ ಖಾತೆ ಮತ್ತು ಗುತ್ತಿಗೆ ಕೆಲಸಕ್ಕೆ ಇಲಾಖೆಯಿಂದ ಅವನಿಗೆ ಬರಬೇಕಾದ ಬಿಲ್ಲು. ಅದೇ ಆರ್ಡರ್ 21ರ ನಿಯಮ 46ರಡಿ ಪ್ರತಿಬಂಧಕ ಆದೇಶ ಹೋಗಿ ಹಣ ಅಲ್ಲೇ ನಿಲ್ಲುತ್ತದೆ, 46-ಎ ಅಡಿಯ ನೋಟೀಸಿನಿಂದ ಅದನ್ನು ಕೋರ್ಟಿಗೆ ಕಟ್ಟಿಸಿಕೊಳ್ಳಬಹುದು. ಚಾಲ್ತಿ ಖಾತೆಯಲ್ಲಿ ಜಮಾ ಇದ್ದರೆ ಸರಿ. ಅದು ಓವರ್‌ಡ್ರಾಫ್ಟ್ ಖಾತೆಯಾಗಿದ್ದರೆ ಬ್ಯಾಂಕಿಗೆ ಅವನೇ ಸಾಲಗಾರ, ಜಪ್ತಿ ಮಾಡಲು ಅಲ್ಲಿ ಏನೂ ಇರುವುದಿಲ್ಲ. ಗುತ್ತಿಗೆ ಬಿಲ್ಲಾದರೆ ಕೆಲಸ ಮುಗಿದು, ಅಳತೆ ಪುಸ್ತಕದಲ್ಲಿ ನಮೂದಾಗಿ, ಪಾವತಿಗೆ ಕಾದಿರುವ ಬಿಲ್ಲು ಆಗಬೇಕು. ಮುಂದೆ ಸಿಗಬಹುದಾದ ಟೆಂಡರಿನ ಹಣ ಲೆಕ್ಕಕ್ಕಿಲ್ಲ. ಕಾಮಗಾರಿಯ ಹೆಸರು, ವಿಭಾಗ, ಕಾರ್ಯಪಾಲಕ ಇಂಜಿನಿಯರ್ ಕಚೇರಿಯ ವಿಳಾಸ ಸ್ಪಷ್ಟವಾಗಿ ಬರೆಸು. ಆರ್ಥಿಕ ವರ್ಷದ ಕೊನೆಗೆ, ಮಾರ್ಚಿನಲ್ಲಿ, ಬಿಲ್ಲುಗಳು ಒಟ್ಟಿಗೆ ಪಾಸಾಗುತ್ತವೆ. ಆದೇಶ ಅದಕ್ಕೆ ಮುಂಚೆ ಆ ಕಚೇರಿ ಸೇರಿರಬೇಕು.

ಭಾವಮೈದುನ ಮೇಷ್ಟ್ರು ಅಂದೆಯಲ್ಲ. ಇಬ್ಬರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ ಎಂದು ಡಿಕ್ರಿಯಲ್ಲಿದ್ದರೆ ಅವರ ಸಂಬಳ ಹಿಡಿಯಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ವಿನಾಯಿತಿಯಿರುವ ಭತ್ಯೆಗಳನ್ನು ಬಿಟ್ಟು 40,000 ಇದ್ದರೆ, 39,000ದ ಮೂರನೇ ಒಂದು ಭಾಗ, ತಿಂಗಳಿಗೆ 13,000 ಸಿಗುತ್ತದೆ. ಒಟ್ಟು 24 ತಿಂಗಳು ಹಿಡಿದ ಮೇಲೆ ಅದೇ ಡಿಕ್ರಿಗೆ ಮತ್ತೆ ಹಿಡಿಯುವಂತಿಲ್ಲ, ಅಂದರೆ ಹೆಚ್ಚೆಂದರೆ 3,12,000. ಪಿಂಚಣಿ, ಭವಿಷ್ಯ ನಿಧಿ, ಜೀವ ವಿಮೆ ಹಣಕ್ಕೆ ಕೈ ಹಾಕುವಂತಿಲ್ಲ.

ಸಾಮಾನು ಜಪ್ತಿಯನ್ನು ನಾನು ಕೊನೆಗಿಡುತ್ತೇನೆ. ಅಡುಗೆ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ತಾಳಿ, ಕಸುಬಿನ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ ಇವೆಲ್ಲ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60ರಲ್ಲಿ ವಿನಾಯಿತಿ ಪಡೆದಿವೆ, ಮುಟ್ಟಲೂಬಾರದು. ಸೂರ್ಯ ಮುಳುಗಿದ ಮೇಲೆ ಕೋರ್ಟಿನ ಅಮೀನ ವಾಸದ ಮನೆ ಹೊಗುವಂತಿಲ್ಲ. ಜೆಸಿಬಿ, ಟಿಪ್ಪರಿನ ಮೇಲೆ ಫೈನಾನ್ಸ್ ಇದ್ದರೆ ಮಾರಿದ ಹಣ ಮೊದಲು ಅವರ ಪಾಲು.

ಜಮೀನು ಜಪ್ತಿಗೆ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ಕಡೆಯ ಚೆಕ್ಕುಬಂದಿ ಪಹಣಿಗೆ ತಾಳೆಯಾಗಬೇಕು. ಇಲ್ಲಿ ಒಂದು ಅಂಕಿ ತಪ್ಪಿದರೆ ಹರಾಜಿನ ತನಕ ಹೋಗಿ ಬಿದ್ದುಹೋಗುತ್ತದೆ. ತಮಟೆ ಹೊಡೆಸಿ ಸಾರಿ, ಜಮೀನಿನಲ್ಲೂ ಕೋರ್ಟಿನಲ್ಲೂ ಪಂಚಾಯಿತಿಯಲ್ಲೂ ಆದೇಶ ಅಂಟಿಸಬೇಕು. ಜಪ್ತಿ ಆದೇಶದ ಪ್ರತಿ ತಹಶೀಲ್ದಾರ್ ಮತ್ತು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ, ಪಹಣಿಯ 11ನೇ ಕಾಲಂನಲ್ಲೂ ಋಣಭಾರದಲ್ಲೂ ನಮೂದಾಯಿತೇ ಎಂದು ನೀನೇ ನೋಡಿಕೊಂಡು ಬಾ. ಜಪ್ತಿಯ ನಂತರ ಅವನು ಮಾರಿದರೂ ನಿನ್ನ ಹಕ್ಕಿಗೆ ಅಡ್ಡಿಯಿಲ್ಲ, ಆದರೆ ನಮೂದಿದ್ದರೆ ಕೊಳ್ಳುವವನೇ ಹಿಂದೆ ಸರಿಯುತ್ತಾನೆ. ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರು ನಿಯಮ 58ರಡಿ ತಕರಾರು ತರುತ್ತಾರೆ, ಆದ್ದರಿಂದ ಅವನ ಪಾಲೆಷ್ಟು ಎಂದು ಮೊದಲೇ ತಿಳಿದಿರು. ಪಿಟಿಸಿಎಲ್ ಕಾಯ್ದೆಗೆ ಬರುವ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ, ಜಮೀನಾದರೆ ಅತ್ತ ಹೋಗಲೇಬೇಡ, ಆ ಕಾಯ್ದೆಯ ನಿರ್ಬಂಧ ಕೋರ್ಟಿನ ಹರಾಜಿಗೂ ಅನ್ವಯಿಸುತ್ತದೆ.

ಹರಾಜಿನಲ್ಲಿ ಕೂಗಿ ಕೊಂಡವನು ಅಲ್ಲೇ ಶೇ. 25 ಕಟ್ಟಬೇಕು, ಉಳಿದದ್ದು 15 ದಿನದೊಳಗೆ. ಕೋರ್ಟಿನ ಅನುಮತಿಯಿಲ್ಲದೆ ನೀನು ಕೂಗುವಂತಿಲ್ಲ. ಹರಾಜಾದ 60 ದಿನದೊಳಗೆ ಬಾಕಿದಾರ ನಿನ್ನ ಬಾಕಿಯನ್ನೂ, ಕೊಂಡವನಿಗೆ ಶೇ. 5 ಹೆಚ್ಚುವರಿಯನ್ನೂ ಕಟ್ಟಿದರೆ ಹರಾಜು ರದ್ದಾಗುತ್ತದೆ. ಅದಕ್ಕೆ ಬೇಸರ ಬೇಡ, ನಿನಗೆ ಬೇಕಾದ್ದು ಹಣ ತಾನೆ.

ಜೈಲಿಗೆ ಹಾಕಿಸುತ್ತೇನೆ ಎಂದು ಹಾರಾಡಬೇಡ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರಿಗಾದರೂ ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡುತ್ತಿಲ್ಲ ಎಂದು ತೋರಿಸಬೇಕು. ಬರೀ ಕೊಡಲಾಗದಿದ್ದರೆ ಸೆರೆ ಸಲ್ಲದು ಎಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದು ನ್ಯಾಯವೂ ಹೌದು. ಅದಕ್ಕಿಂತ ನಿಯಮ 41 ಒಳ್ಳೆಯ ಅಸ್ತ್ರ. ಡಿಕ್ರಿ 30 ದಿನ ತೀರದೆ ಉಳಿದರೆ ತನ್ನ ಆಸ್ತಿಯ ಪಟ್ಟಿಯನ್ನು ಅಫಿಡವಿಟ್ಟಿನಲ್ಲಿ ಪ್ರಮಾಣ ಮಾಡಿ ಕೊಡುವಂತೆ ಅವನಿಗೆ ಆದೇಶ ಮಾಡಿಸಬಹುದು. ಅದನ್ನು ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಆದರೆ ಇದರಿಂದ ಅವನು ಎಚ್ಚೆತ್ತುಕೊಳ್ಳುತ್ತಾನೆ, ಬ್ಯಾಂಕಿನ ಆದೇಶ ಹೋದ ಮೇಲೆಯೇ ಕೇಳು.

ಅಮಲ್ಜಾರಿ ಆರು ತಿಂಗಳಲ್ಲಿ ಮುಗಿಯಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದು ಬೆಂಗಳೂರಿನ ಜಮೀನಿನ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ವಾಯಿದೆಗೆ ವಾಯಿದೆ ಬೀಳುತ್ತಿದ್ದರೆ ವಕೀಲರು ಅದನ್ನು ನೆನಪಿಸಲಿ. ಆದರೆ ನೋಟೀಸು, ವಾರೆಂಟು ಕಳಿಸಲು ಕಟ್ಟಬೇಕಾದ ಪ್ರೊಸೆಸ್ ಫೀ ಕಟ್ಟದೆ, ವಿಳಾಸ ಸರಿಪಡಿಸದೆ ನೀನೇ ತಡ ಮಾಡಿದರೆ ಅವರು ಏನು ಹೇಳಿಯಾರು? ಪ್ರತಿ ವಾಯಿದೆಯ ಮರುದಿನ ಫೀ ಕಟ್ಟಾಯಿತೇ, ವಾರೆಂಟು ಅಮೀನರಿಗೆ ಹಂಚುವ ನಾಜರ್ ಶಾಖೆಗೆ ಹೋಯಿತೇ ಎಂದು ವಿಚಾರಿಸು.

ಅವನು ರಾಜಿಗೆ ಬಂದರೆ ಬೇಡ ಅನ್ನಬೇಡ. ಕಂತುಗಳನ್ನೂ, ಒಂದು ತಪ್ಪಿದರೆ ಪೂರ್ತಿ ಬಾಕಿಗೆ ಜಾರಿ ಎಂಬ ಷರತ್ತನ್ನೂ ಬರೆಸಿ ಕೋರ್ಟಿನಲ್ಲೋ ಲೋಕ ಅದಾಲತ್ತಿನಲ್ಲೋ ದಾಖಲಿಸು. ಚೆಕ್ಕು ಕೊಟ್ಟರೆ ಅದು ನಗದಾದ ಮೇಲೆಯೇ ಜಮಾ ಎಂದೂ ಬರೆಸು. ವಸೂಲಿ ಹುಡುಗರನ್ನು ಕಳಿಸುವ ಮಾತು ಯಾರು ಆಡಿದರೂ ಕಿವಿಗೆ ಹಾಕಿಕೊಳ್ಳಬೇಡ. ಒಂದು ಪೊಲೀಸ್ ದೂರು ಬಿದ್ದರೆ ಗೆದ್ದ ನೀನೇ ಆರೋಪಿಯಾಗಿ ನಿಲ್ಲುತ್ತೀಯ.

ಪಹಣಿ, ಋಣಭಾರ ಪತ್ರ, ಹಳೆಯ ಚೆಕ್ಕಿನ ಪ್ರತಿ ಸಿಕ್ಕ ಕೂಡಲೇ ವಾಟ್ಸಾಪಿನಲ್ಲಿ ಕಳಿಸು. ಅರ್ಜಿಗೆ ಸಹಿ ಹಾಕುವ ಮುಂಚೆ ಅದರಲ್ಲಿನ ಆಸ್ತಿ ವಿವರದ ಷೆಡ್ಯೂಲನ್ನು ನಾನೊಮ್ಮೆ ಓದುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ