ಸ್ಟೀಲ್‌ಹೆಡ್ ಬೇಟೆ: ಹುಟ್ಟು ಹಿಡಿದವರೇ ಗಾಳಗಾರರು

ಮಾನ್ಯ ಸಂಪಾದಕರೆ,

ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಚಳಿಗಾಲದ ಸ್ಟೀಲ್‌ಹೆಡ್ ಬೇಟೆಗೆ ಹೋಗುವವರಿದ್ದಾರೆ. ದೋಣಿಯನ್ನು ಸೆಳವಿಗೆ ಬಿಟ್ಟು ಪ್ಲಗ್ (ಕೊಕ್ಕೆ ಸಿಕ್ಕಿಸಿದ, ಪುಟ್ಟ ಮೀನಿನಂಥ ಹುಸಿ ಆಮಿಷ) ಎಳೆದುಕೊಂಡು ಹೋದರೆ ಮೀನು ತಾನಾಗಿ ಕಚ್ಚುತ್ತದೆ ಎಂಬ ತಿಳಿವಳಿಕೆ ಅವರಲ್ಲಿ ಹಲವರದು. ಅದು ತಪ್ಪು. ಈ ಬಗೆಯ ಬೇಟೆಯಲ್ಲಿ ಮೀನು ಹಿಡಿಯುವವರು ಹುಟ್ಟು ಹಾಕುವವರೇ.

ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿಬರುವ ರೇನ್‌ಬೋ ಟ್ರೌಟ್. ಬ್ರಿಟಿಷರ ಕಾಲದಲ್ಲಿ ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟದ್ದೂ ಇದೇ ಜಾತಿ. ಆರೆಗಾನ್‌ನ ವಿಲ್ಸನ್, ನೆಸ್ಟಕ್ಕ, ಸ್ಯಾಂಡಿ ಹೊಳೆಗಳಿಗೆ ಚಳಿಗಾಲದ ಮೀನು ಮೊಟ್ಟೆಯಿಡಲು ಮರಳಿ ಏರುತ್ತದೆ. ಆಗ ಅದು ತಿನ್ನುವುದು ಕಡಿಮೆ. ಪ್ಲಗ್ ಅದರ ಹಸಿವನ್ನಲ್ಲ, ಸಿಟ್ಟನ್ನು ಕೆಣಕಬೇಕು.

ಇಲ್ಲಿನ ಡ್ರಿಫ್ಟ್ ಬೋಟ್ ಸುಮಾರು 16 ಅಡಿ ಉದ್ದ. ತಳ ಚಪ್ಪಟೆ, ಎರಡೂ ತುದಿ ಮೇಲೆದ್ದಿರುತ್ತವೆ. ಅಂಬಿಗರು ಹೊಳೆ ಹರಿಯುವ ದಿಕ್ಕಿಗೆ ಮುಖ ಮಾಡಿ ಕೂತು ಹುಟ್ಟುಗಳನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಇದರಿಂದ ದೋಣಿ ಸೆಳವಿಗಿಂತ ನಿಧಾನವಾಗಿ ಇಳಿಯುತ್ತದೆ. ಪ್ಲಗ್ ಇರುವುದು ದೋಣಿಯ ಮುಂದೆ, ಕೆಳಹೊಳೆಯಲ್ಲಿ. ಹಾದುಹೋಗುವ ನೀರು ಅದರ ಮುಂತುದಿಯ ಚಪ್ಪಟೆ ತುಟಿಗೆ ಬಡಿದು ಅದನ್ನು ಆಳಕ್ಕೆ ಒತ್ತುತ್ತದೆ, ಒದ್ದಾಡಿಸುತ್ತದೆ. ದೋಣಿಯೂ ಸೆಳವಿನಷ್ಟೇ ವೇಗದಲ್ಲಿ ತೇಲಿದರೆ ಆ ಒತ್ತಡವೇ ಇಲ್ಲ. ಪ್ಲಗ್ ಮೇಲೆದ್ದು ಕಡ್ಡಿಯ ಹಾಗೆ ತೇಲುತ್ತದೆ.

ದೋಣಿಯಿಂದ 45–50 ಅಡಿ ದಾರ ಬಿಡಬೇಕು, ಎಲ್ಲ ರಾಡ್‌ಗಳಿಗೂ ಒಂದೇ ಅಳತೆ. ರೀಲ್‌ನಲ್ಲಿ ದಾರವನ್ನು ಅತ್ತಿತ್ತ ಹರಡುವ ಕೊಂಡಿ ಒಮ್ಮೆ ಹೋಗಿಬಂದರೆ ಎಷ್ಟು ಅಡಿ ಇಳಿಯುತ್ತದೆಂದು ದಡದಲ್ಲೇ ಅಳೆದಿಟ್ಟುಕೊಂಡರೆ ನೀರಿನಲ್ಲಿ ಎಣಿಸಿದರೆ ಸಾಕು. ಈ ಅಳತೆಯ ವಿಷಯದಲ್ಲಿ ಹಟ ಹಿಡಿಯುವುದಕ್ಕೆ ಕಾರಣವಿದೆ. ಮೂರು ಪ್ಲಗ್‌ಗಳು ಒಂದೇ ಸಾಲಿನಲ್ಲಿ ಒದ್ದಾಡುತ್ತ ಇಳಿದು ಬಂದಾಗ ಮೀನು ಹಿಂದೆ ಹಿಂದೆ ಸರಿಯುತ್ತದೆ. ಒಂದು ಪ್ಲಗ್ ಹತ್ತಡಿ ಹಿಂದುಳಿದರೂ ಮೀನು ಆ ಸಂದಿಯಲ್ಲಿ ನುಸುಳಿಕೊಳ್ಳುತ್ತದೆ. ಸಾಲು ಕೆಡದಿದ್ದರೆ ಅದು ಮಡುವಿನ ಕೊನೆಯವರೆಗೂ ಸರಿದು, ನೀರು ತೆಳುವಾಗಿ ಮುಂದಿನ ಕಲ್ಲುಗಳ ಮೇಲೆ ಜಾರುವ ಅಂಚಿಗೆ ಬಂದು ನಿಲ್ಲುತ್ತದೆ. ಕಚ್ಚುವುದು ಹೆಚ್ಚಾಗಿ ಅಲ್ಲಿಯೇ. ಅಲ್ಲಿಗೆ ಬರುವಷ್ಟರಲ್ಲಿ ಅಂಬಿಗರ ತೋಳು ಸೋತಿರುತ್ತದೆ, ಹುಟ್ಟು ಸಡಿಲಿಸಿಬಿಡುತ್ತಾರೆ. ಆ ಕೊನೆಯ ಇಪ್ಪತ್ತು ಅಡಿಯನ್ನು ಬೇರೆಲ್ಲ ಕಡೆಗಿಂತ ನಿಧಾನವಾಗಿ ಇಳಿಸಬೇಕು.

ನಡಿಗೆಯ ವೇಗದಲ್ಲಿ ಹರಿಯುವ, 4ರಿಂದ 8 ಅಡಿ ಆಳದ ನೀರು ಇದಕ್ಕೆ ಹೇಳಿ ಮಾಡಿಸಿದ್ದು. ತಿಳಿನೀರಿಗೆ ಹಾಟ್ ಶಾಟ್ ಎಂಬ ಚಿಕ್ಕ ಪ್ಲಗ್, ತಾಮ್ರದ ಅಥವಾ ನೀಲಿ-ಬೆಳ್ಳಿಯ ಬಣ್ಣ. ಮಳೆ ಬಂದು ಹಸಿರುಗಟ್ಟಿದ ನೀರಿಗೆ ವಿಗಲ್ ವಾರ್ಟ್ ಅಥವಾ ಮೂರೂವರೆ ಅಂಗುಲದ ಮ್ಯಾಗ್ ಲಿಪ್ ಎಂಬ ಪ್ಲಗ್, ಕೆಂಪು-ಕಿತ್ತಳೆ ಇಲ್ಲವೆ ಗುಲಾಬಿ. ಪ್ಲಗ್‌ನ ಕಣ್ಣಿಗೆ ದಾರವನ್ನು ನೇರವಾಗಿ ಬಿಗಿದರೆ ಒದ್ದಾಟ ಕುಗ್ಗುತ್ತದೆ, ನಡುವೆ ದುಂಡನೆಯ ಸ್ನ್ಯಾಪ್ (ತೆರೆದು ಮುಚ್ಚುವ ತಂತಿಯ ಕೊಂಡಿ) ಹಾಕಿ. ಮೂರು ಮೊನೆಯ ಕೊಕ್ಕೆ ತೆಗೆದು, ಸ್ವಿವೆಲ್ (ತಿರುಗುವ ಕೊಂಡಿ) ಸೇರಿಸಿ ಮುಳ್ಳಿಲ್ಲದ ಒಂಟಿ ಕೊಕ್ಕೆ ಹಾಕುವುದು ಮೀನಿಗೂ ಒಳ್ಳೆಯದು, ಕೈಗೂ ಒಳ್ಳೆಯದು.

ಪ್ರತಿ ಪ್ಲಗ್ಗನ್ನೂ ದೋಣಿಯ ಪಕ್ಕದಲ್ಲೇ ನೀರಿಗೆ ಹಿಡಿದು ನೋಡಿ. ನಿಮ್ಮ ಕಣ್ಣಿಗೆ ಅದು ಎಡಕ್ಕೆ ಎಳೆದರೆ ದಾರ ಕಟ್ಟುವ ಕಣ್ಣನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿ. ಬಲಕ್ಕೆ ಎಳೆದರೆ ಎಡಕ್ಕೆ. ನೇರವಾಗಿ ಓಡದ ಪ್ಲಗ್ ಪಕ್ಕದ ದಾರಕ್ಕೆ ಸುತ್ತಿಕೊಂಡು ಇಡೀ ಸಾಲನ್ನು ಕೆಡಿಸುತ್ತದೆ. ಆಮೇಲೆ ರಾಡ್‌ನ ತುದಿಯನ್ನೇ ನೋಡುತ್ತಿರಬೇಕು. ಅದು ಟಕಟಕ ಮಿಡಿಯುತ್ತಿದ್ದರೆ ಪ್ಲಗ್ ಕೆಲಸ ಮಾಡುತ್ತಿದೆ. ಮಿಡಿತ ಮಂಕಾದರೆ ಕೊಕ್ಕೆಗೆ ಎಲೆಯೋ ಕಸವೋ ಸಿಕ್ಕಿದೆ, ಕೂಡಲೇ ಸುತ್ತಿ ತೆಗೆಯಿರಿ.

ಮೀನು ಮೊದಲು ಒಂದೆರಡು ಬಾರಿ ಜಗ್ಗುತ್ತದೆ. ಆಗಲೇ ರಾಡ್ ಕಿತ್ತುಕೊಂಡರೆ ಪ್ಲಗ್ ಅದರ ಬಾಯಿಂದ ಜಾರುತ್ತದೆ. ಹೊಸಬರು ಮೀನು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆ. ತುದಿ ಮೆತ್ತಗಿರುವ ಎಂಟೂವರೆ ಅಡಿಯ ರಾಡ್ ಅದನ್ನು ನಿಲ್ಲಿಸಲು ದೋಣಿಗೆ ಬಿಗಿದ ಗೂಟದಲ್ಲೇ ಇರಲಿ. ಅದು ಪೂರ್ತಿ ಬಾಗಿ ರೀಲ್‌ನಿಂದ ದಾರ ಹರಿಯತೊಡಗಿದ ಮೇಲೆ ಕೈಗೆ ತೆಗೆದುಕೊಳ್ಳಿ.

ರಭಸದ ನೀರಿನಲ್ಲಿ ಲಂಗರು ಹಾಕಲೇಬಾರದು. ಹಗ್ಗ ಬಿಗಿದ ಕಡೆ ದೋಣಿಯ ಹಿಂಭಾಗ ಮುಳುಗಿ ಕ್ಷಣದಲ್ಲಿ ನೀರು ತುಂಬುತ್ತದೆ. ಹಗ್ಗ ಕತ್ತರಿಸುವ ಚಾಕು ಅಂಬಿಗರ ಕೈಗೆಟುಕುವಂತಿರಲಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಲಿ. ಬಿದ್ದ ಮರಗಳಿರುವ ತಿರುವನ್ನು ದೂರದಿಂದಲೇ ಗುರುತಿಸಿ ಮೊದಲೇ ಹುಟ್ಟು ಹಾಕಬೇಕು.

ಕಾನೂನು ಹೊಳೆಯಿಂದ ಹೊಳೆಗೆ ಬೇರೆ. ಆರೆಗಾನ್‌ನ ಡಿಶೂಟ್ಸ್ ಹೊಳೆಯಲ್ಲಿ ದೋಣಿಯಲ್ಲಿ ಸಾಗಬಹುದು, ಆದರೆ ಗಾಳ ಹಾಕಲು ಇಳಿದು ನಿಲ್ಲಬೇಕು. ವಾಷಿಂಗ್ಟನ್ ರಾಜ್ಯವೂ ಕರಾವಳಿಯ ಹೊಳೆಗಳಲ್ಲಿ ಮೀನು ಕುಗ್ಗಿದ್ದರಿಂದ 2020ರ ಡಿಸೆಂಬರ್‌ನಲ್ಲಿ ದೋಣಿಯಿಂದ ಗಾಳ ಹಾಕುವುದನ್ನು ನಿಷೇಧಿಸಿತು. ಹೊರಡುವ ಮುನ್ನ ಆ ವರ್ಷದ ನಿಯಮವನ್ನು ಓದಲೇಬೇಕು.

ಸಿಕ್ಕ ಮೀನಿನ ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ ಒಂದು ಪುಟ್ಟ ಮೆದು ಈಜುರೆಕ್ಕೆ ಇದೆಯೇ ನೋಡಿ. ಅದನ್ನು ಮೊದಲೇ ಯಾರೋ ಕತ್ತರಿಸಿದ್ದು, ಗಾಯ ಮಾಯ್ದ ಗುರುತಷ್ಟೇ ಉಳಿದಿದ್ದರೆ ಅದು ಸಾಕಣೆ ಕೇಂದ್ರದ ಮೀನು. ರೆಕ್ಕೆ ಇದ್ದರೆ ಹೊಳೆಯಲ್ಲೇ ಹುಟ್ಟಿದ ಮೀನು, ಬಿಡಬೇಕಾದದ್ದು. ಸಿಯಾಟಲ್ ಬಳಿಯ ಕೊಲ್ಲಿಯಾದ ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ವಾಷಿಂಗ್ಟನ್‌ನಲ್ಲಂತೂ ಬಿಡಬೇಕಾದ ಇಂಥ ಮೀನನ್ನು ನೀರಿನಿಂದ ಪೂರ್ತಿ ಮೇಲೆತ್ತುವುದೇ ಅಪರಾಧ. ಆದ್ದರಿಂದ ಪತ್ರಿಕೆಗೊಂದು ಕೋರಿಕೆ: ಇಲ್ಲಿನ ಓದುಗರು ಕಾಡು ಸ್ಟೀಲ್‌ಹೆಡ್ ಎತ್ತಿ ಎದೆಗವಚಿಕೊಂಡ ಚಿತ್ರ ಕಳಿಸಿದರೆ ದಯವಿಟ್ಟು ಅಚ್ಚು ಹಾಕಬೇಡಿ.

— ಒಬ್ಬ ಓದುಗ, ಪೋರ್ಟ್‌ಲ್ಯಾಂಡ್, ಆರೆಗಾನ್